ವಿದ್ಯಾರ್ಥಿಯ ಡೆಸ್ಕ್‌ಟಾಪ್‌ಗೆ ಹೊಸ ಪ್ರೊಸೆಸರ್, ಮದರ್‌ಬೋರ್ಡ್: ಕೈಯಲ್ಲಿರುವ ರ‍್ಯಾಮ್‌ನಿಂದಲೇ ಲೆಕ್ಕ ಆರಂಭಿಸಿ

ನನ್ನ ತಂಗಿಯ ಮಗ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್‌ನ ಮೂರನೆಯ ವರ್ಷದಲ್ಲಿದ್ದಾನೆ. ಅವನ ಮೇಜಿನ ಮೇಲಿರುವುದು 2016ರಲ್ಲಿ ಮನೆಯವರೆಲ್ಲರ ಬಳಕೆಗೆಂದು ಜೋಡಿಸಿದ್ದ ಡೆಸ್ಕ್‌ಟಾಪ್. ಅದರಲ್ಲಿ ಇಂಟೆಲ್ ಕೋರ್ ಐ5-6500 ಪ್ರೊಸೆಸರ್, ಎಚ್110 ಚಿಪ್‌ಸೆಟ್‌ನ ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ ಮತ್ತು 1 ಟಿಬಿ ಹಾರ್ಡ್ ಡಿಸ್ಕ್ ಇದ್ದವು. "ಮಾವ, ಆಂಡ್ರಾಯ್ಡ್ ಸ್ಟುಡಿಯೊ ತೆರೆದು ಎಮ್ಯುಲೇಟರ್ ಹಾಕಿದರೆ ಮೌಸ್ ಕೂಡ ಅಲುಗಾಡುವುದಿಲ್ಲ, ಪ್ರೊಸೆಸರ್ ಬದಲಾಯಿಸೋಣವೇ?" ಎಂದು ಅವನು ಕೇಳಿದ. ಆಂಡ್ರಾಯ್ಡ್ ಸ್ಟುಡಿಯೊ ಎಂದರೆ ಮೊಬೈಲ್ ಆ್ಯಪ್ ಬರೆಯುವ ತಂತ್ರಾಂಶ, ಎಮ್ಯುಲೇಟರ್ ಎಂದರೆ ಆ ಆ್ಯಪನ್ನು ಪರೀಕ್ಷಿಸಲು ಕಂಪ್ಯೂಟರ್ ಒಳಗೇ ನಡೆಯುವ ಮೊಬೈಲ್‌ನ ಪ್ರತಿರೂಪ. ಹೆಚ್ಚುಕಡಿಮೆ ಇಂಥದೇ ಕಂಪ್ಯೂಟರ್ ಇಟ್ಟುಕೊಂಡು ಇದೇ ಪ್ರಶ್ನೆ ಕೇಳುತ್ತಿರುವ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರು ಬಹಳ ಮಂದಿ ಇರುವುದರಿಂದ, ನಾವಿಬ್ಬರೂ ಯಾವುದನ್ನು ಮೊದಲು ನೋಡಿದೆವು, ಯಾವುದನ್ನು ಆಮೇಲೆ ನಿರ್ಧರಿಸಿದೆವು ಎಂಬುದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ನಿಧಾನಕ್ಕೆ ಕಾರಣ ಪ್ರೊಸೆಸರ್ ಹೌದೇ?

ಕಂಪ್ಯೂಟರ್ ನಿಧಾನವಾದಾಗ ಎಲ್ಲರ ಬೆರಳೂ ಪ್ರೊಸೆಸರ್ ಕಡೆಗೇ ಹೋಗುತ್ತದೆ. ಆದರೆ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲು ವೇಳೆ ಅಡ್ಡಿಯಾಗಿರುವುದು ಹಾರ್ಡ್ ಡಿಸ್ಕ್ ಅಥವಾ ಸಾಲದ ರ‍್ಯಾಮ್. ಇದನ್ನು ಕಂಡುಕೊಳ್ಳಲು ಯಾವ ಹಣವೂ ಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಅದರ ಪರ್ಫಾರ್ಮೆನ್ಸ್ ಪುಟವನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ದಿನವೂ ಮಾಡುವ ಕೆಲಸವನ್ನೇ ಮಾಡಿ. ಡಿಸ್ಕ್ 100 ಶೇಕಡಾದಲ್ಲಿ ನಿಂತಿದ್ದು ಪ್ರೊಸೆಸರ್ 30 ಶೇಕಡಾದಲ್ಲಿದ್ದರೆ ಪ್ರೊಸೆಸರ್ ಸುಮ್ಮನೆ ಕಾಯುತ್ತಾ ಕುಳಿತಿದೆ ಎಂದರ್ಥ. ಮೆಮೊರಿ 90 ಶೇಕಡಾ ದಾಟಿದ್ದರೆ ವಿಂಡೋಸ್ ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಡಿಸ್ಕ್‌ಗೆ ಬರೆಯುತ್ತಾ, ಮತ್ತೆ ಓದುತ್ತಾ ಒದ್ದಾಡುತ್ತಿರುತ್ತದೆ. ಪ್ರೊಸೆಸರ್ ನಿಮಿಷಗಟ್ಟಲೆ 100 ಶೇಕಡಾದಲ್ಲಿದ್ದು, ಉಳಿದೆರಡು ಆರಾಮವಾಗಿದ್ದರೆ ಮಾತ್ರ ಪ್ರೊಸೆಸರ್ ಬದಲಾವಣೆಯ ಮಾತು ಆಡಬಹುದು.

ನಮ್ಮ ಪರೀಕ್ಷೆಯಲ್ಲಿ ಡಿಸ್ಕ್ ಮತ್ತು ಮೆಮೊರಿ ಎರಡೂ ತುಂಬಿಕೊಂಡಿದ್ದವು. ಆದ್ದರಿಂದ ಮೊದಲು 500 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳಲ್ಲಿ ಫೈಲು ಇಡುವ ಡಿಸ್ಕ್) ಮತ್ತು ಇನ್ನೊಂದು 8 ಜಿಬಿ ಡಿಡಿಆರ್4 ರ‍್ಯಾಮ್ ಕಡ್ಡಿ ಹಾಕಿದೆವು. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ. ಚಿಕ್ಕ ಚಿಕ್ಕ ಫೈಲುಗಳ ವಿಷಯದಲ್ಲಿ ಅಂತರ ಇದಕ್ಕಿಂತಲೂ ಬಹಳ ಹೆಚ್ಚು. ವಿಂಡೋಸ್ ಏಳುವುದು, ಬ್ರೌಸರ್ ತೆರೆಯುವುದು, ವಿಎಸ್ ಕೋಡ್‌ನಲ್ಲಿ ಪೈಥಾನ್ ಬರೆಯುವುದು ಇವೆಲ್ಲ ಹಗುರವಾದವು. ಬಿ.ಕಾಂ. ಅಥವಾ ಬಿ.ಎ. ಓದುವ ವಿದ್ಯಾರ್ಥಿಗೆ, ಪಿಯುಸಿ ಹುಡುಗ ಹುಡುಗಿಯರಿಗೆ ಇಲ್ಲಿಗೇ ನಿಲ್ಲಿಸಿದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಎರಡು ವಸ್ತುಗಳ ಇನ್ನೊಂದು ಗುಣವೆಂದರೆ, ನಾಳೆ ಬೋರ್ಡ್ ಬದಲಾಯಿಸಿದರೂ ಎಸ್‌ಎಸ್‌ಡಿ ಖಂಡಿತವಾಗಿ, ರ‍್ಯಾಮ್ ಬಹುಶಃ, ಹೊಸದಕ್ಕೆ ಬರುತ್ತವೆ. ಹಾಕಿದ ಹಣ ಹೋಗುವುದಿಲ್ಲ.

ಆದರೂ ಆಂಡ್ರಾಯ್ಡ್ ಆ್ಯಪ್ ಬಿಲ್ಡ್ ಮಾಡುವಾಗ (ಬರೆದ ಕೋಡನ್ನು ಆ್ಯಪ್ ಆಗಿ ಪರಿವರ್ತಿಸುವಾಗ) ಪ್ರೊಸೆಸರ್‌ನ ನಾಲ್ಕೂ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಬಹಳ ಹೊತ್ತು ಪೂರ್ತಿ ತುಂಬಿರುತ್ತಿದ್ದವು. ಐ5-6500ರಲ್ಲಿರುವುದು ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ಬಿಲ್ಡ್ ಮತ್ತು ಎಮ್ಯುಲೇಟರ್ ಒಟ್ಟಿಗೆ ನಡೆದರೆ ಮೌಸ್‌ಗೂ ಪಾಳಿ ಸಿಗುವುದಿಲ್ಲ. ಜೊತೆಗೆ ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ, ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಪಾಡುವ ಭಾಗ) ಮತ್ತು ಸಾಮಾನ್ಯವಾಗಿ ಇಂಟೆಲ್‌ನ 8ನೆಯ ಅಥವಾ ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿಯ ರೈಜನ್ 2000ದ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ವಿಂಡೋಸ್ 11 ಒಂದೇ ಕಾರಣವಾಗಿದ್ದು, ಕೋರ್ಸಿನ ತಂತ್ರಾಂಶಗಳು ಲಿನಕ್ಸ್‌ನಲ್ಲಿ ನಡೆಯುವುದಾದರೆ ಉಬುಂಟು ಹಾಕಿಕೊಂಡು ಹಳೆಯ ಪ್ರೊಸೆಸರ್‌ನಲ್ಲೇ ಇನ್ನೂ ಕೆಲವು ವರ್ಷ ಓದಬಹುದು. ಇದರಲ್ಲಿ ಕೀಳರಿಮೆಯ ಮಾತೇ ಇಲ್ಲ. ನಮಗೆ ಎರಡು ಕಾರಣಗಳೂ ಕೂಡಿ ಬಂದಿದ್ದರಿಂದ ಮುಂದಿನ ಹೆಜ್ಜೆ ಇಟ್ಟೆವು.

ಪ್ರೊಸೆಸರ್ ಜೊತೆಗೆ ಬೋರ್ಡ್ ಏಕೆ ಹೋಗುತ್ತದೆ

ಪ್ರೊಸೆಸರ್ ಕೂರುವ ಸಾಕೆಟ್ ಮತ್ತು ಅದನ್ನು ಬೋರ್ಡಿನ ಉಳಿದ ಭಾಗಗಳಿಗೆ ಬೆಸೆಯುವ ಚಿಪ್‌ಸೆಟ್ ಎರಡೂ ಹೊಂದಿದರೆ ಮಾತ್ರ ಹೊಸ ಪ್ರೊಸೆಸರ್ ಕೆಲಸ ಮಾಡುತ್ತದೆ. ಇಂಟೆಲ್‌ನ 6 (ನಮ್ಮ ಐ5-6500 ಇದರದ್ದು) ಮತ್ತು 7ನೆಯ ತಲೆಮಾರುಗಳು ಎಲ್‌ಜಿಎ 1151 ಸಾಕೆಟ್‌ನವು. 8 ಮತ್ತು 9ನೆಯ ತಲೆಮಾರುಗಳ ಸಾಕೆಟ್‌ನ ಹೆಸರೂ ಅದೇ, ಪಿನ್ನುಗಳ ಸಂಖ್ಯೆಯೂ ಅದೇ. ಆದರೆ ಅವಕ್ಕೆ 300 ಸರಣಿಯ ಚಿಪ್‌ಸೆಟ್ ಬೇಕು, ಎಚ್110 ಬೋರ್ಡಿನಲ್ಲಿ ಅವು ನಡೆಯುವುದಿಲ್ಲ. ಹೆಸರನ್ನು ಮಾತ್ರ ನೋಡಿ ಹಳೆಯ ಮಾರುಕಟ್ಟೆಯಲ್ಲಿ ಐ5-8400 ಕೊಂಡು ತಂದು ಪೆಚ್ಚಾದವರನ್ನು ನಾನು ಬಲ್ಲೆ. ಎಚ್110ಕ್ಕೆ ಹಾಕಬಹುದಾದ ದೊಡ್ಡ ಪ್ರೊಸೆಸರ್ ಎಂದರೆ ಐ7-7700 ಮಟ್ಟದ್ದು. ಅದೂ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಆದ್ದರಿಂದ ಅದಕ್ಕೆ ಹಣ ಹಾಕುವುದು ಸರಿಯಲ್ಲ. 10 ಮತ್ತು 11ನೆಯ ತಲೆಮಾರುಗಳಿಗೆ ಎಲ್‌ಜಿಎ 1200, 12ರಿಂದ 14ರವರೆಗೆ ಎಲ್‌ಜಿಎ 1700, 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851.

ನಿಮ್ಮಲ್ಲಿರುವುದು ಎಎಂಡಿಯ ಎಎಂ4 ಸಾಕೆಟ್‌ನ ಬೋರ್ಡ್ ಆಗಿದ್ದರೆ ನೀವು ಅದೃಷ್ಟವಂತರು. ರೈಜನ್ ಬಂದ 2017ರ ಬೋರ್ಡುಗಳಲ್ಲಿ ಅನೇಕವು ಬಯಾಸ್ (ಬೋರ್ಡನ್ನು ಏಳಿಸುವ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಕೊಂಡರೆ ರೈಜನ್ 5000 ಸರಣಿಯನ್ನೂ ನಡೆಸುತ್ತವೆ. ರೈಜನ್ 3 1200 ಇರುವ ಬಿ450 ಬೋರ್ಡಿಗೆ ರೈಜನ್ 5 5600, ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 2400ಜಿಯ ಬೋರ್ಡಿಗೆ 5600ಜಿ ಹಾಕಿದರೆ ಬೇರೇನನ್ನೂ ಬದಲಾಯಿಸದೆ ಕೆಲಸ ಮುಗಿಯುತ್ತದೆ. ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನು ಬರೆದುಕೊಂಡು, ತಯಾರಕರ ಜಾಲತಾಣದಲ್ಲಿ ಆ ಬೋರ್ಡಿನ ಪ್ರೊಸೆಸರ್ ಪಟ್ಟಿಯನ್ನು ತೆರೆದು, ನೀವು ಕೊಳ್ಳಲಿರುವ ಪ್ರೊಸೆಸರ್ ಯಾವ ಬಯಾಸ್ ಆವೃತ್ತಿಯಿಂದ ನಡೆಯುತ್ತದೆ ಎಂದು ನೋಡಿ. ಆ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿರುವಾಗಲೇ ಮಾಡಿ ಮುಗಿಸಬೇಕು, ಅದೂ ಯುಪಿಎಸ್ ಮೇಲೆ. ಬಯಾಸ್ ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು.

ರ‍್ಯಾಮ್ ಯಾವುದು ಎಂಬುದರ ಮೇಲೆ ದಾರಿ

ಪ್ರೊಸೆಸರ್, ಬೋರ್ಡ್ ಎರಡನ್ನೂ ಬದಲಾಯಿಸಲೇಬೇಕಾದಾಗ ಹೆಚ್ಚಿನವರು ಪ್ರೊಸೆಸರ್‌ನಿಂದ ಲೆಕ್ಕ ಆರಂಭಿಸುತ್ತಾರೆ. ಕೈಯಲ್ಲಿರುವ ರ‍್ಯಾಮ್‌ನಿಂದ ಆರಂಭಿಸುವುದು ಸರಿಯಾದ ದಾರಿ ಎಂದು ನಾನು ಹೇಳುತ್ತೇನೆ. ರ‍್ಯಾಮ್‌ನ ಹಿಂದಿನ ತಲೆಮಾರಾದ ಡಿಡಿಆರ್4 ಮತ್ತು ಈಚಿನ ಡಿಡಿಆರ್5 ಕಡ್ಡಿಗಳೆರಡರಲ್ಲೂ 288 ಪಿನ್ನುಗಳಿದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 2025ರ ಕೊನೆಯ ತಿಂಗಳುಗಳಿಂದ, ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ, ರ‍್ಯಾಮ್ ಬೆಲೆ ಬಹಳ ಏರಿತು. ಹಾಗಾಗಿ 16 ಜಿಬಿ ಡಿಡಿಆರ್4 ಮನೆಯಲ್ಲಿದ್ದರೆ ಅದನ್ನು ಬದಿಗಿಟ್ಟು ಡಿಡಿಆರ್5 ಬೋರ್ಡ್ ಕೊಳ್ಳುವುದೆಂದರೆ ಹೊಸ ಪ್ರೊಸೆಸರ್‌ಗೆ ಇಟ್ಟ ಹಣವನ್ನು ರ‍್ಯಾಮ್‌ಗೆ ಕೊಟ್ಟಂತೆ.

ಡಿಡಿಆರ್4 ಉಳಿಸಿಕೊಳ್ಳುವವರಿಗೆ ಎರಡು ದಾರಿಗಳಿವೆ. ಒಂದು, ಎಲ್‌ಜಿಎ 1700: ಈ ಸಾಕೆಟ್‌ನ ಬೋರ್ಡುಗಳು ಡಿಡಿಆರ್4 ಮತ್ತು ಡಿಡಿಆರ್5 ಎರಡು ಬಗೆಯಲ್ಲೂ ಬರುತ್ತವೆ, ಹೆಸರುಗಳು ಒಂದನ್ನೊಂದು ಹೋಲುವುದರಿಂದ ಪೆಟ್ಟಿಗೆಯ ಮೇಲೆ ಡಿ4 ಅಥವಾ ಡಿಡಿಆರ್4 ಎಂಬ ಗುರುತನ್ನು ಕಣ್ಣಾರೆ ನೋಡಿಯೇ ಕೊಳ್ಳಬೇಕು. ಎರಡು, ಎಎಂ4: ಇದು ಡಿಡಿಆರ್4 ಮಾತ್ರ. ಹಳೆಯ 2133 ಅಥವಾ 2400 ವೇಗದ ಕಡ್ಡಿಗಳು ಎರಡರಲ್ಲೂ ತಮ್ಮ ವೇಗದಲ್ಲಿ ನಡೆಯುತ್ತವೆ. ರೈಜನ್‌ಗೆ, ಅದರಲ್ಲೂ ಒಳಗೇ ಗ್ರಾಫಿಕ್ಸ್ ಇರುವ ಮಾದರಿಗಳಿಗೆ, 3200 ವೇಗದ ರ‍್ಯಾಮ್ ಇದ್ದರೆ ಒಳ್ಳೆಯದು; ಆದ್ದರಿಂದ ನಿಧಾನದ ಕಡ್ಡಿಗಳನ್ನೇ ಉಳಿಸಿಕೊಳ್ಳುವವರಿಗೆ ಇಂಟೆಲ್ ದಾರಿಯೇ ವಾಸಿ.

ಹಳೆಯ ಕಂಪ್ಯೂಟರ್ 4ನೆಯ ತಲೆಮಾರಿನದಾಗಿದ್ದು ಡಿಡಿಆರ್3 ಇದ್ದರೆ, ಹೇಗಿದ್ದರೂ ರ‍್ಯಾಮ್ ಹೊಸದೇ ಬೇಕು. ಎಚ್110 ಬೋರ್ಡುಗಳಲ್ಲೂ ಕೆಲವು ಡಿಡಿಆರ್3ನವು, ಕಡ್ಡಿಯ ಚೀಟಿ ನೋಡಿ ಖಚಿತಪಡಿಸಿಕೊಳ್ಳಿ. ಎಲ್ಲವನ್ನೂ ಹೊಸದಾಗಿ ಕೊಳ್ಳುವವರು ಎಎಂಡಿಯ ಎಎಂ5 ಸಾಕೆಟ್ ನೋಡಬೇಕು. 2022ರಲ್ಲಿ ಬಂದ ಇದು ಡಿಡಿಆರ್5 ಮಾತ್ರ ತೆಗೆದುಕೊಳ್ಳುತ್ತದೆ, ಮತ್ತು ಕನಿಷ್ಠ 2027ರವರೆಗೆ ಇದಕ್ಕೆ ಬೆಂಬಲವಿರುತ್ತದೆ ಎಂದು ಎಎಂಡಿ ಹೇಳಿದೆ. ಈಗ ರೈಜನ್ 5 7600 ಹಾಕಿಕೊಂಡು, ಎಂ.ಟೆಕ್. ಓದುವ ಹೊತ್ತಿಗೆ ಪ್ರೊಸೆಸರ್ ಒಂದನ್ನೇ ಬದಲಾಯಿಸುವ ಅವಕಾಶ ಇದರಲ್ಲಿದೆ. ಎಲ್‌ಜಿಎ 1700ರಲ್ಲಿ 14ನೆಯ ತಲೆಮಾರಿಗೇ ದಾರಿ ಮುಗಿಯುತ್ತದೆ.

ಕೋರ್ಸಿಗೆ ತಕ್ಕ ಪ್ರೊಸೆಸರ್

ಪ್ರೋಗ್ರಾಮಿಂಗ್ ಕಲಿಯುವವರಿಗೆ, ಡೇಟಾಬೇಸ್ ಮತ್ತು ವೆಬ್ ಕೆಲಸ ಮಾಡುವವರಿಗೆ ನಾಲ್ಕು ಕೋರ್, ಎಂಟು ಥ್ರೆಡ್‌ನ ಕೋರ್ ಐ3-12100 ಚೆನ್ನಾಗಿ ಸಾಲುತ್ತದೆ. ಅದರ ಒಂದೊಂದು ಕೋರ್ ಕೂಡ 6ನೆಯ ತಲೆಮಾರಿನ ಕೋರ್‌ಗಿಂತ ಬಹಳ ಚುರುಕು. ಆಂಡ್ರಾಯ್ಡ್ ಸ್ಟುಡಿಯೊ, ವರ್ಚುವಲ್ ಮಷೀನ್, ಡಾಕರ್, ವಿಡಿಯೊ ಸಂಪಾದನೆ ಇಂಥವುಗಳಿಗೆ ಆರು ಕೋರ್, ಹನ್ನೆರಡು ಥ್ರೆಡ್ ಬೇಕು: ಕೋರ್ ಐ5-12400 ಅಥವಾ ರೈಜನ್ 5 5600. ಮೆಕ್ಯಾನಿಕಲ್ ಮತ್ತು ಸಿವಿಲ್ ವಿದ್ಯಾರ್ಥಿಗಳು ಬಳಸುವ ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ಮೊದಲಾದವುಗಳಲ್ಲಿ ಚಿತ್ರ ಬಿಡಿಸುವ ಹೆಚ್ಚಿನ ಕೆಲಸ ಒಂದೇ ಕೋರ್ ಮೇಲೆ ನಡೆಯುತ್ತದೆ, ಆದ್ದರಿಂದ ಅವರು ಕೋರ್‌ಗಳ ಎಣಿಕೆಗಿಂತ ಒಂದು ಕೋರ್‌ನ ವೇಗ ಮತ್ತು ಗ್ರಾಫಿಕ್ಸ್ ಕಾರ್ಡ್ ಕಡೆ ಗಮನ ಕೊಡಬೇಕು. ಮಷೀನ್ ಲರ್ನಿಂಗ್ ಓದುವವರು ದೊಡ್ಡ ಪ್ರೊಸೆಸರ್‌ಗೆ ಹಣ ಸುರಿಯುವುದರಿಂದ ಹೆಚ್ಚು ಲಾಭವಿಲ್ಲ. ಆ ಲೆಕ್ಕಗಳೆಲ್ಲ ಗ್ರಾಫಿಕ್ಸ್ ಕಾರ್ಡಿನಲ್ಲಿ ಆಗುವಂಥವು, ಕಲಿಕೆಯ ಹಂತದಲ್ಲಿ ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನ ಉಚಿತ ಸೌಲಭ್ಯವೇ ಬಹಳಷ್ಟು ಕೆಲಸ ಮಾಡಿಕೊಡುತ್ತದೆ.

ಸಂಖ್ಯೆಯ ಕೊನೆಯಲ್ಲಿರುವ ಅಕ್ಷರವನ್ನು ಓದದೆ ಪ್ರೊಸೆಸರ್ ಕೊಳ್ಳಬೇಡಿ. ಇಂಟೆಲ್‌ನಲ್ಲಿ ಎಫ್ ಎಂದಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಐ5-12400ಎಫ್ ಕೊಂಡು ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಮೂಡುವುದಿಲ್ಲ. ಎಎಂ4ನಲ್ಲಿ ಇದು ತಿರುಗುಮುರುಗು: ಅಕ್ಷರವಿಲ್ಲದ 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿ ಮತ್ತು 5600ಜಿಟಿಗಳಲ್ಲಿ ಇದೆ. ಆದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಅತಿ ವೇಗದ ಮೆಮೊರಿ) ಇದ್ದರೆ 5600ಜಿಯಲ್ಲಿ 16 ಎಂಬಿ ಮಾತ್ರ. ಎಎಂ5ಗೆ ಬಂದರೆ ರೈಜನ್ 5 7600ರಲ್ಲಿ ಚಿತ್ರ ತೋರಿಸುವಷ್ಟು ಚಿಕ್ಕ ಗ್ರಾಫಿಕ್ಸ್ ಇದೆ, 7500ಎಫ್‌ನಲ್ಲಿ ಇಲ್ಲ. 8500ಜಿ ಅಗ್ಗವೆಂದು ಕಾಣಬಹುದು, ಆದರೆ ಅದು ಗ್ರಾಫಿಕ್ಸ್ ಕಾರ್ಡಿಗೆ ಕೊಡುವುದು ಪಿಸಿಐಇ 4.0 ಎಂಬ ದತ್ತಾಂಶ ಮಾರ್ಗದ ನಾಲ್ಕು ಲೇನ್‌ಗಳನ್ನು ಮಾತ್ರ. ಮುಂದೆ ಕಾರ್ಡ್ ಹಾಕುವ ಯೋಚನೆ ಇರುವವರಿಗೆ ಅದು ತಕ್ಕದ್ದಲ್ಲ. ಕೆ ಅಕ್ಷರದವು ವೇಗ ಹೆಚ್ಚಿಸಿಕೊಳ್ಳಬಹುದಾದವು, ಅವಕ್ಕೆ ದುಬಾರಿ ಬೋರ್ಡ್, ದೊಡ್ಡ ಕೂಲರ್ ಬೇಕು. ವಿದ್ಯಾರ್ಥಿಗೆ ಅವುಗಳ ಅಗತ್ಯ ನನಗೆ ಎಲ್ಲಿಯೂ ಕಂಡಿಲ್ಲ.

ಬೋರ್ಡ್ ಆರಿಸುವಾಗ

ಎಲ್‌ಜಿಎ 1700ರಲ್ಲಿ ಎಚ್610 ಚಿಪ್‌ಸೆಟ್‌ನ ಬೋರ್ಡುಗಳು ಅಗ್ಗ, ಐ3ಗೂ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಐ5ಗೂ ಸಾಲುತ್ತವೆ. ಅವುಗಳಲ್ಲಿ ರ‍್ಯಾಮ್‌ಗೆ ಎರಡೇ ಜಾಗ, ಬೋರ್ಡಿನಲ್ಲೇ ನೇರವಾಗಿ ಕೂರುವ ಎಂ.2 ಎಸ್‌ಎಸ್‌ಡಿ ಪಿಸಿಐಇ 3.0 ವೇಗದಲ್ಲಿ ನಡೆಯುತ್ತದೆ. ಎರಡನೆಯದು ವಿದ್ಯಾರ್ಥಿಯ ಗಮನಕ್ಕೂ ಬರುವುದಿಲ್ಲ, ಮೊದಲನೆಯದು ಬರುತ್ತದೆ. ನಮ್ಮಲ್ಲಿ ಆಗಲೇ 8 ಜಿಬಿಯ ಎರಡು ಕಡ್ಡಿಗಳಿದ್ದವು. ಎಚ್610ರಲ್ಲಿ ಅವು ಕೂತರೆ ಜಾಗ ತುಂಬಿತು, ಮುಂದೆ 32 ಜಿಬಿ ಬೇಕೆಂದರೆ ಇವನ್ನು ತೆಗೆದಿಡಬೇಕು. ಅದಕ್ಕಾಗಿಯೇ ನಾಲ್ಕು ಜಾಗಗಳಿರುವ, ಡಿಡಿಆರ್4 ತೆಗೆದುಕೊಳ್ಳುವ ಬಿ760 ಬೋರ್ಡ್ ಮತ್ತು ಐ5-12400 ಆರಿಸಿದೆವು. ಕೆ ಪ್ರೊಸೆಸರ್‌ಗಳ ವೇಗ ಹೆಚ್ಚಿಸಲೆಂದು ಇರುವ ಝಡ್ ಅಕ್ಷರದ ಚಿಪ್‌ಸೆಟ್‌ಗಳಿಗೆ ಹಣ ಕೊಡಬೇಡಿ. ಎಎಂ4ನಲ್ಲಿ ಎಚ್610ಕ್ಕೆ ಸಮನಾದದ್ದು ಎ520, ಬಿ760ಕ್ಕೆ ಹತ್ತಿರದ್ದು ಬಿ550. ಎಎಂ5ನಲ್ಲಿ ಎ620 ಮತ್ತು ಬಿ650.

ಬೋರ್ಡಿನ ಹಿಂಬದಿಯ ಕಿಂಡಿಗಳನ್ನು ಮನೆಯ ಮಾನಿಟರ್ ಜೊತೆ ತಾಳೆ ನೋಡಿ. ಹಳೆಯ ಮಾನಿಟರ್‌ಗಳಲ್ಲಿ ನೀಲಿ ಬಣ್ಣದ ವಿಜಿಎ ಮಾತ್ರ ಇರುತ್ತದೆ, ಹೊಸ ಬೋರ್ಡುಗಳಲ್ಲಿ ಕೆಲವಕ್ಕೆ ಅದು ಇರುವುದಿಲ್ಲ. ಪ್ರೊಸೆಸರ್‌ಗೆ ವಿದ್ಯುತ್ ಹದಮಾಡಿ ಕೊಡುವ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇದೆಯೇ ಎಂದೂ ನೋಡಿ. ಐ5-12400ರ ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದಿದ್ದರೂ ಪೂರ್ಣ ವೇಗದಲ್ಲಿ ಅದು 117 ವ್ಯಾಟ್‌ವರೆಗೆ ಎಳೆಯಬಲ್ಲದು, ನಮ್ಮ ರಾಯಚೂರು, ಕಲಬುರಗಿಗಳ ಏಪ್ರಿಲ್ ಸೆಕೆಯಲ್ಲಿ ಬಿಸಿಯ ಲೆಕ್ಕವನ್ನು ಬಿಡುವಂತಿಲ್ಲ.

ಎಸ್‌ಎಂಪಿಎಸ್, ಕ್ಯಾಬಿನೆಟ್, ಕೂಲರ್

ಕ್ಯಾಬಿನೆಟ್ ಜೊತೆಗೇ ಬಂದ ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ಅದನ್ನು ನಂಬಿ ಹೊಸ ಬೋರ್ಡ್ ಜೋಡಿಸಬೇಡಿ. ಅವುಗಳಲ್ಲಿ ಹಲವಕ್ಕೆ ಪ್ರೊಸೆಸರ್‌ಗೆ ಹೋಗುವ ತಂತಿ 4 ಪಿನ್ನಿನದು, ಹೊಸ ಬೋರ್ಡುಗಳು ಸಾಮಾನ್ಯವಾಗಿ 8 ಪಿನ್ ಕೇಳುತ್ತವೆ. ವಿದ್ಯುತ್ ದಕ್ಷತೆಯ 80 ಪ್ಲಸ್ ಬ್ರಾಂಜ್ ಗುರುತಿನ, ಒಳ್ಳೆಯ ಕಂಪನಿಯ 450 ವ್ಯಾಟ್ ಎಸ್‌ಎಂಪಿಎಸ್ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗೆ ಧಾರಾಳವಾಯಿತು. ಇಡೀ ಆಯ್ಕೆಯಲ್ಲಿ ಜಿಪುಣತನ ಮಾಡಬಾರದ ವಸ್ತು ಇದೊಂದೇ, ಏಕೆಂದರೆ ಇದು ಕೆಟ್ಟರೆ ಉಳಿದವನ್ನೂ ಕೆಡಿಸಬಹುದು. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್‌ನದು, ಅದನ್ನು ಬದಲಾಯಿಸಬೇಕಿಲ್ಲ.

ಮೈಕ್ರೋ ಎಟಿಎಕ್ಸ್ ಬೋರ್ಡ್ ಹೆಚ್ಚೆಂದರೆ 244 ಮಿ.ಮೀ. ಚೌಕದ್ದು, ಜೋಡಿಸಿದ ಕಂಪ್ಯೂಟರ್‌ಗಳ ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಕೂರುತ್ತದೆ. ಕಚೇರಿಗಳಿಂದ ಹರಾಜಾಗಿ ಬರುವ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳ ಕಥೆ ಬೇರೆ: ಅವುಗಳಲ್ಲಿ ಅನೇಕಕ್ಕೆ ಬೋರ್ಡಿನ ಆಕಾರವೂ ವಿದ್ಯುತ್ ತಂತಿಯ ಜೋಡಣೆಯೂ ಆಯಾ ಕಂಪನಿಯದೇ ಆಗಿರುವುದರಿಂದ ಬೋರ್ಡ್ ಬದಲಾಯಿಸುವುದೆಂದರೆ ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್‌ಗಳನ್ನೂ ಬದಲಾಯಿಸಿದಂತೆ. ಎಲ್‌ಜಿಎ 1151ರ ಹಳೆಯ ಕೂಲರ್ ಎಲ್‌ಜಿಎ 1700ರ ತೂತುಗಳಿಗೆ ಹೊಂದುವುದಿಲ್ಲ. ಪೆಟ್ಟಿಗೆಯಲ್ಲಿ ಬರುವ 12400ರ ಜೊತೆ ಕೂಲರ್ ಇರುತ್ತದೆ.

ಕೊಳ್ಳುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು ಕೈಯಲ್ಲಿರಲಿ. ಟ್ರೇ ಪ್ರೊಸೆಸರ್ ಎಂಬ ಮಾತು ಕಿವಿಗೆ ಬಿದ್ದರೆ ಎಚ್ಚರವಾಗಿ. ಅದು ಪೆಟ್ಟಿಗೆಯಿಲ್ಲದೆ, ಕೂಲರ್ ಇಲ್ಲದೆ ಬರುವ ಪ್ರೊಸೆಸರ್. ಬೆಲೆ ಕಡಿಮೆ, ಆದರೆ ಪೆಟ್ಟಿಗೆಯ ಪ್ರೊಸೆಸರ್‌ಗೆ ತಯಾರಕರು ಕೊಡುವ 3 ವರ್ಷದ ವಾರಂಟಿ ಅದಕ್ಕಿಲ್ಲ, ಮಾರಿದವರ ಮಾತೇ ವಾರಂಟಿ. ಕೆಲವು ವರ್ಷಗಳ ಹಿಂದೆ ನಾನೇ ಒಂದು ಅಂಗಡಿಯಲ್ಲಿ ಹೀಗೆ ಕೊಂಡಿದ್ದೆ. ಏಳು ತಿಂಗಳಿಗೆ ಅದು ಕೆಟ್ಟಾಗ ಅಂಗಡಿಯೇ ಅಲ್ಲಿರಲಿಲ್ಲ. ಹಳೆಯ ಪ್ರೊಸೆಸರ್ ಕೊಳ್ಳುವವರು 13 ಮತ್ತು 14ನೆಯ ತಲೆಮಾರಿನ ಹೆಚ್ಚು ಶಕ್ತಿಯ ಇಂಟೆಲ್ ಮಾದರಿಗಳ ಬಗ್ಗೆ ಹುಷಾರಾಗಿರಬೇಕು. ವೋಲ್ಟೇಜ್ ಮಿತಿಮೀರಿ ಅವು ಕೆಡುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ) ತಿದ್ದುಪಡಿ ಬಿಡುಗಡೆ ಮಾಡಿತು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು; ಆದರೆ ಆಗಲೇ ಆಗಿರುವ ಹಾನಿ ಆ ತಿದ್ದುಪಡಿಯಿಂದ ಸರಿಯಾಗುವುದಿಲ್ಲ.

ಹಳೆಯ ಬೋರ್ಡ್ ಬಿಚ್ಚುವ ಮೊದಲು

ಪ್ರಾಜೆಕ್ಟ್ ಫೈಲುಗಳ ಪ್ರತಿಯನ್ನು ಹೊರಗಿನ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ, ಇಲ್ಲವೇ ಅದನ್ನು ನಿಲ್ಲಿಸಿ. ಹೊಸ ಬೋರ್ಡಿನ ಟಿಪಿಎಂಗೆ ಹಳೆಯ ಡಿಸ್ಕಿನ ಗುರುತು ಇರದ ಕಾರಣ ಕೀಲಿ ಇಲ್ಲದೆ ಫೈಲುಗಳು ಸಿಗುವುದಿಲ್ಲ. ವಿಂಡೋಸ್ ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಿ. ಬಿಡಿಯಾಗಿ ಕೊಂಡ ರಿಟೇಲ್ ಪರವಾನಗಿ ಹೊಸ ಬೋರ್ಡಿಗೆ ಬರುತ್ತದೆ, ಕಂಪ್ಯೂಟರ್ ಜೊತೆ ಬಂದ ಒಇಎಂ ಪರವಾನಗಿ ನಿಯಮದ ಪ್ರಕಾರ ಹಳೆಯ ಬೋರ್ಡಿನೊಂದಿಗೇ ಮುಗಿಯುತ್ತದೆ.

ಇನ್ನೊಂದು ತೊಡಕು ಹಲವರಿಗೆ ಕೊನೆಯ ಗಳಿಗೆಯಲ್ಲಿ ಗೊತ್ತಾಗುತ್ತದೆ. ಹಳೆಯ ವಿಂಡೋಸ್ ಲೆಗಸಿ ಎಂಬ ಹಳೆಯ ಏಳಿಸುವ ವಿಧಾನದಲ್ಲಿ, ಎಂಬಿಆರ್ ಎಂಬ ಹಳೆಯ ರೀತಿಯಲ್ಲಿ ವಿಭಾಗಿಸಿದ ಡಿಸ್ಕ್ ಮೇಲೆ ಕೂತಿದ್ದರೆ, ಒಳಗಿನ ಗ್ರಾಫಿಕ್ಸ್ ಬಳಸುವ ಹೊಸ ಇಂಟೆಲ್ ಬೋರ್ಡ್ ಅದನ್ನು ಏಳಿಸುವುದಿಲ್ಲ. ಹಳೆಯ ಬೋರ್ಡಿನಲ್ಲಿರುವಾಗಲೇ ವಿಂಡೋಸ್‌ನ ಎಂಬಿಆರ್2ಜಿಪಿಟಿ ಸಾಧನದಿಂದ ಡಿಸ್ಕನ್ನು ಪರಿವರ್ತಿಸಿ, ಬಯಾಸ್‌ನಲ್ಲಿ ಹೊಸ ವಿಧಾನವಾದ ಯುಇಎಫ್‌ಐಗೆ ಬದಲಾಯಿಸಿ, ಒಮ್ಮೆ ಏಳಿಸಿ ನೋಡಿಕೊಂಡು ಆಮೇಲೆ ಬಿಚ್ಚಿ. ಸಮಯವಿದ್ದರೆ ವಿಂಡೋಸನ್ನು ಹೊಸದಾಗಿ ಹಾಕುವುದೇ ಶುದ್ಧವಾದ ಕ್ರಮ.

ಜೋಡಿಸಿದ ಮೇಲೆ

ಎಲ್‌ಜಿಎ ಸಾಕೆಟ್‌ನಲ್ಲಿ ಪಿನ್ನುಗಳು ಬೋರ್ಡಿನ ಮೇಲಿರುತ್ತವೆ, ಒಂದು ಬಾಗಿದರೂ ವಾರಂಟಿ ಹೋಗುತ್ತದೆ. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯದೆ ಇಟ್ಟುಕೊಳ್ಳಿ, ವಾರಂಟಿಗೆ ಕಳಿಸುವಾಗ ಅದು ಬೇಕು. ನಾಲ್ಕು ಜಾಗಗಳ ಬೋರ್ಡಿನಲ್ಲಿ ಎರಡು ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಜಾಗಕ್ಕೆ ಹಾಕುವುದು ಸಾಮಾನ್ಯ ರೂಢಿ, ಬೋರ್ಡಿನ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ. ಎಎಂ5 ಬೋರ್ಡ್ ಮೊದಲ ಸಲ ಏಳುವಾಗ ಡಿಡಿಆರ್5 ರ‍್ಯಾಮನ್ನು ಪರೀಕ್ಷಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯನ್ನೇ ತೋರಿಸಬಹುದು, ಗಾಬರಿಯಿಂದ ಸ್ವಿಚ್ ಆರಿಸಬೇಡಿ.

ಬಯಾಸ್ ಒಳಗೆ ಹೋಗಿ ಮೂರು ಕೆಲಸ ಮಾಡಿ: ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ (ಚೀಟಿಯ ಮೇಲಿನ ವೇಗದಲ್ಲಿ ನಡೆಸುವ ಆಯ್ಕೆ) ಇದ್ದರೆ ಚಾಲೂ ಮಾಡುವುದು, ವಿಂಡೋಸ್ 11ಕ್ಕಾಗಿ ಟಿಪಿಎಂ ಇದೆಯೇ ಎಂದು ನೋಡುವುದು, ಎಮ್ಯುಲೇಟರ್‌ಗಾಗಿ ವರ್ಚುವಲೈಸೇಷನ್ ಚಾಲೂ ಮಾಡುವುದು. ಟಿಪಿಎಂ ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ. ಮೂರನೆಯದು ಎಎಂಡಿಯಲ್ಲಿ ಎಸ್‌ವಿಎಂ ಎಂದಿರುತ್ತದೆ, ಹಲವು ಬೋರ್ಡುಗಳಲ್ಲಿ ಅದು ಆಫ್ ಆಗಿಯೇ ಬಂದಿರುತ್ತದೆ. ಆಮೇಲೆ ಒಂದು ರಾತ್ರಿ ಪೆನ್ ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಅದರಲ್ಲಿ ಒಂದೇ ಒಂದು ತಪ್ಪು ಕೆಂಪಾಗಿ ಕಂಡರೂ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಮತ್ತೆ ಓಡಿಸಿ, ದೋಷ ಕಡ್ಡಿಯದೋ ಬೋರ್ಡಿನದೋ ಎಂದು ಗುರುತಿಸಿ, ಅಂಗಡಿಯವರು ಬದಲಿಸಿ ಕೊಡುವ ಗಡುವು ಮುಗಿಯುವ ಮೊದಲೇ ಬಿಲ್ಲಿನೊಂದಿಗೆ ಹಿಂದಿರುಗಿಸಿ.